ಎಂಟುನೂರ ನಲವತ್ತು ಪುಟ

ಜೂನ್ ಹನ್ನೆರಡು, ಬುಧವಾರ. ಬೆಳಗ್ಗೆ 11.20ಕ್ಕೆ ಇಬ್ಬರು ಠಾಣೆಗೆ ಬಂದರು. ಒಬ್ಬರು ನಗರದ ಸಿಂಫನಿ ವಾದ್ಯವೃಂದದ ಮ್ಯಾನೇಜರ್. ಜೊತೆಗಿದ್ದವಳು ಆರು ತಿಂಗಳ ಹಿಂದೆ ತೀರಿಕೊಂಡ ವೃಂದ ನಿರ್ದೇಶಕರ ಮಗಳು. ಆ ನಿರ್ದೇಶಕರನ್ನು ವಾದಕರೆಲ್ಲ ದೊಡ್ಡ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಮರುದಿನ ಸಂಜೆ ಏಳಕ್ಕೆ ಈ ಸಾಲಿನ ಕೊನೆಯ ಸಂಗೀತ ಕಛೇರಿ. ಅದು ಅವರ ನೆನಪಿಗೆ.

"ಏನು ಕಳುವಾಗಿದೆ?" ಇನ್ಸ್‌ಪೆಕ್ಟರ್ ಕೇಳಿದರು.

"ಕಳುವಾಗಿಲ್ಲ ಸರ್. ಅಳಿಸಿದ್ದಾರೆ," ಎಂದರು ಮ್ಯಾನೇಜರ್.

"ಏನನ್ನ?"

"ಪೆನ್ಸಿಲ್ ಗುರುತುಗಳನ್ನ. ಒಂದೂ ಬಿಟ್ಟಿಲ್ಲ."

ಬರೆಯಲು ಕೂತಿದ್ದ ಹೆಡ್ ಕಾನ್‌ಸ್ಟೇಬಲ್ ಪೆನ್ನು ಎತ್ತಿ ಹಿಡಿದ. "ಸಾರ್, ರಬ್ಬರ್ ಹಾಕಿ ಉಜ್ಜಿದ್ದಕ್ಕೆ ಯಾವ ಕಲಂ ಹಾಕ್ಲಿ? ಹಿಂಗಾದ್ರೆ ನಮ್ಮನೆ ಮಕ್ಕಳನ್ನ ದಿನಾ ಒಳಗೆ ಕೂರಿಸ್ಬೇಕಾಗುತ್ತೆ."

ಮಗಳು ನಗಲಿಲ್ಲ. "ನಮ್ಮಪ್ಪನ ಕೈಬರಹ ಅದು. ಅವರು ಯಾರಿಗೂ ಕಾಗದ ಬರೆದವರಲ್ಲ. ನನಗೆ ಅಂತ ಒಂದು ಸಾಲೂ ಬಿಟ್ಟು ಹೋಗ್ಲಿಲ್ಲ. ಇದ್ದಿದ್ದು ಅದೊಂದೇ."

ಹೆಡ್ ಕಾನ್‌ಸ್ಟೇಬಲ್ ತಲೆ ಬಗ್ಗಿಸಿದ.

ಮ್ಯಾನೇಜರ್ ಬಿಡಿಸಿ ಹೇಳಿದರು. ಪ್ರತಿ ವಾದಕರ ಮುಂದೆಯೂ ಅವರವರ ಪಾಲಿನ ಸ್ವರಪುಸ್ತಕ ಇರುತ್ತದೆ. ಎಲ್ಲಿ ನಿಧಾನ, ಎಲ್ಲಿ ಉಸಿರು, ಎಲ್ಲಿ ತಲೆಯೆತ್ತಿ ನಿರ್ದೇಶಕರನ್ನು ನೋಡಬೇಕು ಎಂಬುದನ್ನು ಅಚ್ಚಿನ ಮೇಲೆ ಪೆನ್ಸಿಲ್‌ನಲ್ಲಿ ಗುರುತು ಮಾಡುತ್ತಾರೆ. ಮೂರು ವರ್ಷದ ಹಿಂದೆ ದೊಡ್ಡ ಮೇಷ್ಟ್ರು ಒಂದು ಸಿಂಫನಿಯ ಅರವತ್ತು ಪುಸ್ತಕಕ್ಕೂ ತಾವೇ ಕೂತು ಗುರುತು ಹಾಕಿದ್ದರು. ನಾಳೆ ಅದನ್ನು ಅದೇ ಗುರುತಿನಂತೆ ನುಡಿಸಿ, ಧ್ವನಿಮುದ್ರಣ ಮಾಡುವುದೆಂದು ತೀರ್ಮಾನವಾಗಿತ್ತು. ಈ ದಿನ ಹತ್ತು ಗಂಟೆಗೆ ಅಭ್ಯಾಸಕ್ಕೆಂದು ತೆರೆದರೆ ಎಲ್ಲವೂ ಬೋಳು.

ಆಸ್ತಿಗೆ ಹಾನಿ ಎಂದು 12.05ಕ್ಕೆ ಎಫ್‌ಐಆರ್ ದಾಖಲಾಯಿತು.

ಒಂದು ಗಂಟೆಗೆ ಸ್ಥಳ ಪಂಚನಾಮೆ. ಟಿಕೆಟ್ ಗುಮಾಸ್ತ, ದೀಪದ ಕೆಲಸದವನು ಪಂಚರು. ಸ್ವರಪುಸ್ತಕಗಳ ಕೋಣೆ ವೇದಿಕೆಯ ಕೆಳಗಡೆ, ಕಿಟಕಿ ಇಲ್ಲದ್ದು. ಕಬ್ಬಿಣದ ಕಪಾಟು, ಉದ್ದನೆಯ ಮೇಜು, ಒಂದು ದೀಪ. ಬೀಗ ಒಡೆದಿಲ್ಲ. ಬೀಗದ ಕೈ ಎರಡು. ಒಂದು ಮ್ಯಾನೇಜರ್ ಹತ್ತಿರ, ಇನ್ನೊಂದು ಕೋಣೆ ನೋಡಿಕೊಳ್ಳುವ ಹೆಂಗಸಿನ ಹತ್ತಿರ. ವಾದಕರು ಆಕೆಯನ್ನು ಹಾಳೆಯಮ್ಮ ಎನ್ನುತ್ತಿದ್ದರು. ವಯಸ್ಸು ಅರವತ್ತೊಂದು. ಮೂವತ್ತನಾಲ್ಕು ವರ್ಷದಿಂದ ಅದೇ ಮೇಜು.

"ಅಮ್ಮಾ, ಕೋಣೆಗೆ ಯಾರ್ಯಾರು ಬರ್ತಾರೆ?"

"ಎಲ್ಲರೂ ಬರ್ತಾರೆ. ಪುಸ್ತಕ ಬೇಕಲ್ಲ?"

"ಯಾರ ಮೇಲಾದರೂ ಅನುಮಾನ?"

"ಇಲ್ಲಪ್ಪ. ಯಾರನ್ನೂ ಹೇಳಲಾರೆ."

ಆಕೆ ಅರವತ್ತನ್ನೂ ತಾವೇ ಎಣಿಸಿ ಕೊಟ್ಟರು. ಪುಟಗಳು ಒಟ್ಟು ಎಂಟುನೂರ ನಲವತ್ತು.

ಮೊದಲು ಎಲ್ಲರ ಕಣ್ಣು ಹೋದದ್ದು ದೊಡ್ಡ ಮೇಷ್ಟ್ರ ಜಾಗಕ್ಕೆ ಬಂದ ಹೊಸ ಮೇಷ್ಟ್ರ ಮೇಲೆ. ಸತ್ತವರ ದಾರಿಯಲ್ಲಿ ನಡೆಯುವುದು ಅವರಿಗೆ ಇಷ್ಟವಿಲ್ಲ ಎಂದು ಪಿಟೀಲಿನವರೊಬ್ಬರು ಚುಚ್ಚಿ ಹೇಳಿದರು.

"ಇಷ್ಟ ಇಲ್ಲ, ನಿಜ," ಎಂದರು ಹೊಸ ಮೇಷ್ಟ್ರು. "ಅಷ್ಟು ನಿಧಾನ ಯಾಕೆ ಅಂತ ನನಗೆ ಅರ್ಥ ಆಗಿಲ್ಲ. ಆದರೆ ನಾನು ಈ ಊರಿಗೆ ಬಂದು ನಾಲ್ಕು ದಿನ ಆಯ್ತು, ಅಷ್ಟೆ."

ಇನ್ಸ್‌ಪೆಕ್ಟರ್ ಒಂದು ಹಳೆಯ ಪುಟದ ಮೇಲೆ ಮೊದಲು ಇದ್ದಷ್ಟೇ ಗುರುತು ಹಾಕಿಸಿ, ರಬ್ಬರನ್ನು ಹೆಡ್ ಕಾನ್‌ಸ್ಟೇಬಲ್ ಕೈಗೆ ಕೊಟ್ಟರು. ಗಡಿಯಾರ ನೋಡಿದರು. ಕಾಗದ ಹರಿಯದಂತೆ ಅಳಿಸಲು ನಾಲ್ಕು ನಿಮಿಷ ಹಿಡಿಯಿತು. ಎಂಟುನೂರ ನಲವತ್ತು ಪುಟಕ್ಕೆ ಐವತ್ತಾರು ಗಂಟೆ.

"ಏಳು ಹಗಲು ಸಾರ್," ಎಂದು ಹೆಡ್ ಕಾನ್‌ಸ್ಟೇಬಲ್ ಬೆರಳ ನೆಟಿಕೆ ಮುರಿದ. "ನುಗ್ಗಿ ಓಡಿಹೋದವನ ಕೆಲಸ ಅಲ್ಲ. ಕುರ್ಚಿ ಹಾಕ್ಕೊಂಡು ಕೂತವರದು."

ಗುರುವಾರ ಮಧ್ಯಾಹ್ನ ಮೂರಕ್ಕೆ ಇನ್ಸ್‌ಪೆಕ್ಟರ್ ಪುಸ್ತಕಗಳನ್ನು ಮತ್ತೆ ತೆರೆದರು. ಟಾರ್ಚ್ ಅಡ್ಡ ಹಿಡಿದು ಒಂದೊಂದೇ ಪುಟ ನೋಡಿದರು. ಎರಡನೇ ಪಿಟೀಲಿನ ಪುಸ್ತಕ, ಒಂಬತ್ತನೇ ಪುಟ. ಉಜ್ಜಿದ ಜಾಗದಲ್ಲಿ ಕಾಗದ ಸ್ವಲ್ಪ ಹರಿದಿತ್ತು. ಹರಿದದ್ದಕ್ಕೆ ಹಿಂದಿನಿಂದ ತೆಳು ಕಾಗದದ ತೇಪೆ. ಅಂಚು ಕತ್ತರಿಸಿ, ಅಂಟು ಹಚ್ಚಿ, ಸ್ವರದ ಗೆರೆ ಗೆರೆಗೆ ಕೂಡುವ ಹಾಗೆ ಕೂರಿಸಿದ್ದರು.

ಇನ್ಸ್‌ಪೆಕ್ಟರ್ ಹಾಜರಿ ಪುಸ್ತಕ ತರಿಸಿದರು. ಹಾಳೆಯಮ್ಮ ಮೇ ತಿಂಗಳಲ್ಲಿ ಹದಿನೆಂಟು ದಿನ, ದಿನಕ್ಕೆ ಮೂರು ಗಂಟೆ ಹೆಚ್ಚಿಗೆ ಕೂತಿದ್ದರು. ಕಾರಣ: ಪುಸ್ತಕದ ಹೊಲಿಗೆ ಕೆಲಸ. ಅಷ್ಟು ದಿನದಲ್ಲಿ ಹೊಲಿದ ಪುಸ್ತಕ ಕಪಾಟಿನಲ್ಲಿ ಎರಡೇ ಇದ್ದವು.

ನಾಲ್ಕೂವರೆಗೆ ಆಕೆಯ ಮೇಜಿನ ಮೇಲೆ ಒಂಬತ್ತನೇ ಪುಟ ಇಟ್ಟರು.

"ದ್ವೇಷ ಇದ್ದೋರು ಹರಿದು ಬಿಸಾಕ್ತಾರೆ ಅಮ್ಮಾ. ಹಾಳು ಮಾಡೋಕೆ ಬಂದೋರು ತೇಪೆ ಯಾಕೆ ಹಾಕಿದ್ರು?"

ಹಾಳೆಯಮ್ಮ ಪುಟವನ್ನು ಬೆರಳಿಂದ ಸವರಿದರು. "ಹರಿದಿದ್ದನ್ನ ಹಂಗೇ ಇಡೋಕೆ ಮನಸ್ಸು ಬರಲಿಲ್ಲ."

"ನೀವೇನಾ?"

"ನಾನೇ."

"ಯಾಕೆ?"

ಆಕೆ ಬಾಗಿಲು ಹಾಕಲು ಹೇಳಿದರು. ಹೆಡ್ ಕಾನ್‌ಸ್ಟೇಬಲ್ ಹಾಕಿ, ಒಳಗೇ ನಿಂತ.

"ಮೇಷ್ಟ್ರಿಗೆ ಬಲಗೈ ಸೋತಿತ್ತು. ಬರೆಯೋಕೆ ಬರ್ತಿತ್ತು, ಬೇಗ ಎತ್ತೋಕೆ ಬರ್ತಿರಲಿಲ್ಲ. ಭುಜದ ನರ. ಚುರುಕು ಜಾಗದಲ್ಲಿ ಕೈ ಹಿಂದೆ ಬೀಳ್ತಿತ್ತು. ಅದಕ್ಕೇ ಅಲ್ಲೆಲ್ಲಾ ನಿಧಾನ ಅಂತ ಗುರುತು ಹಾಕಿದ್ರು. ಇದೇ ಮೇಜಲ್ಲಿ ಕೂತು ಬರೆದ್ರು. ನಾನು ಪೆನ್ಸಿಲ್ ಕೆತ್ತಿ ಕೊಡ್ತಿದ್ದೆ."

"ಬೇರೆ ಯಾರಿಗೆ ಗೊತ್ತು?"

"ಡಾಕ್ಟರಿಗೆ. ಮಗಳಿಗೂ ಗೊತ್ತಿಲ್ಲ. ಪತ್ರಿಕೆಯೋರು ಆ ನಿಧಾನವನ್ನ ಮುಪ್ಪಿನ ಜ್ಞಾನ ಅಂತ ಬರೆದ್ರು. ಆವತ್ತು ಮೇಷ್ಟ್ರು ಊಟ ಮಾಡಲಿಲ್ಲ. ಸಾಯೋಕೆ ಎಂಟು ದಿನ ಮುಂಚೆ ಆಸ್ಪತ್ರೆಗೆ ಕರೆಸಿದ್ರು. 'ಅದು ಸಂಗೀತ ಅಲ್ಲ ಕಣಮ್ಮಾ, ನನ್ನ ಕೈ ಸೋತ ಲೆಕ್ಕ. ಅಳಿಸಿಬಿಡು. ಯಾರಿಗೂ ಹೇಳಬೇಡ' ಅಂದ್ರು. ಆಯ್ತು ಅಂದೆ. ಮನಸ್ಸು ಗಟ್ಟಿ ಮಾಡ್ಕೊಳ್ಳೋಕೆ ಮೇ ತಿಂಗಳು ಬಂತು."

"ಆಡಳಿತದವರಿಗೆ ಹೇಳಬಹುದಿತ್ತು."

"ಹೇಳಬೇಡ ಅಂದಿದ್ರಲ್ಲ. ಈಗಲೂ ಹೇಳಬಾರದಿತ್ತು. ನೀವು ಆ ತೇಪೆ ಹಿಡ್ಕೊಂಡು ಕೇಳಿದ್ರಿ, ಬಾಯಿ ಸೋತುಹೋಯ್ತು. ಇದನ್ನ ಬರೀಬೇಡಿ."

"ಬರೀದಿದ್ರೆ ಕೋರ್ಟಲ್ಲಿ ನಿಮ್ಮನ್ನ ಹೊಟ್ಟೆಕಿಚ್ಚಿನ ಮುದುಕಿ ಅಂತಾರೆ."

"ಅಂದ್ಕೊಳ್ಳಲಿ. ಆ ಮಗು ಅವರಪ್ಪನ ಬಗ್ಗೆ ಒಳ್ಳೇದು ಅಂದ್ಕೊಂಡಿದೆ."

ಸಂಜೆ 5.40ಕ್ಕೆ ಬಂಧನ. ಕರೆದೊಯ್ಯಲು ಮಹಿಳಾ ಪೇದೆ ಬೇಕು. ಆಕೆ ಬೇರೆ ಠಾಣೆಯಿಂದ ಬರಬೇಕು, ತಡವಾಯಿತು. ಅಲ್ಲಿಯವರೆಗೆ ವೇದಿಕೆ ಹಿಂದಿನ ಓಣಿಯ ಬೆಂಚಿನ ಮೇಲೆ ಮೂವರೂ ಕೂತರು. ಬಾಗಿಲು ಒಂದು ಗೇಣು ತೆರೆದಿತ್ತು. ಒಳಗೆ ಸಭೆ ತುಂಬಿತ್ತು. ವಾದಕರ ಮುಂದೆ ಬೋಳು ಪುಸ್ತಕ. ಏಳಕ್ಕೆ ಸರಿಯಾಗಿ ಹೊಸ ಮೇಷ್ಟ್ರು ಕೋಲು ಎತ್ತಿದರು.

ಮೊದಲ ಸಾಲು ಚುರುಕಾಗಿ ಎದ್ದಿತು. ಹಾಳೆಯಮ್ಮ ನೆಟ್ಟಗೆ ಕೂತರು. "ಕೇಳಿ, ಕೇಳಿ. ಕೈ ಚೆನ್ನಾಗಿದ್ದಾಗ ಮೇಷ್ಟ್ರು ಹಿಂಗೇ ಇದ್ರು," ಎಂದರು. ಮುಖದಲ್ಲಿ ವಯಸ್ಸು ಇಳಿದ ಹಾಗಿತ್ತು.

ಅದು ಒಂದು ನಿಮಿಷವೂ ಇರಲಿಲ್ಲ. ಪಿಟೀಲುಗಳು ಹಿಂದೆ ಜಗ್ಗಿದವು. ಆಮೇಲೆ ಕೊಳಲುಗಳು. ಹೊಸ ಮೇಷ್ಟ್ರ ಕೋಲು ನಾಲ್ಕಾರು ಸಲ ಮುಂದೆ ಎಳೆದು ನೋಡಿತು, ಕೊನೆಗೆ ಅವರ ಜೊತೆಗೇ ನಿಧಾನವಾಯಿತು. ಮೂರು ವರ್ಷದಲ್ಲಿ ಇಪ್ಪತ್ತೆರಡು ಕಛೇರಿ ನುಡಿಸಿದ ಕೈಗಳು. ಅವಕ್ಕೆ ಪುಸ್ತಕ ಬೇಕಿರಲಿಲ್ಲ.

"ಅದೇ ಜಾಗ," ಎಂದರು ಹಾಳೆಯಮ್ಮ. ಸ್ವಲ್ಪ ಹೊತ್ತಾದ ಮೇಲೆ, "ಇಲ್ಲೂ." ಆಮೇಲೆ ಹೇಳುವುದನ್ನು ಬಿಟ್ಟರು.

"ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತಲ್ಲಾ ಅಮ್ಮಾ," ಎಂದ ಹೆಡ್ ಕಾನ್‌ಸ್ಟೇಬಲ್. ಅಣಕಿಸಲು ಹೇಳಿದ್ದಲ್ಲ.

7.50ಕ್ಕೆ ಚಪ್ಪಾಳೆ. ಬಹಳ ಹೊತ್ತು ನಿಲ್ಲಲಿಲ್ಲ. ವಿರಾಮದಲ್ಲಿ ಮಗಳು ಓಣಿಗೆ ಬಂದಳು. ಕಣ್ಣು ಒದ್ದೆಯಾಗಿತ್ತು. ಬೆಂಚಿನ ಮೇಲೆ ಯಾರು ಕೂತಿದ್ದಾರೆಂದು ನೋಡಿದಳು, ಪಕ್ಕದ ಪೊಲೀಸರನ್ನೂ ನೋಡಿದಳು. ಅವಳಿಗೆ ಅರ್ಥವಾಯಿತು.

"ನೀವಾ? ನಿಮ್ಮನ್ನ ಚಿಕ್ಕಂದಿನಿಂದ ಅತ್ತೆ ಅಂತ ಕರೀತಿದ್ದೆನಲ್ಲ... ಯಾಕೆ ಮಾಡಿದ್ರಿ?"

ಹಾಳೆಯಮ್ಮ ಬೆಂಚಿನ ಮೇಲೆ ಸರಿದು ಅವಳಿಗೆ ಜಾಗ ಮಾಡಿದರು. ಇನ್ಸ್‌ಪೆಕ್ಟರ್ ನೆಲ ನೋಡುತ್ತಿದ್ದರು.

"ಅಪ್ಪ ಹಾಗೇ ಇದ್ದಾರೆ ಒಳಗೆ. ಒಂದು ಉಸಿರೂ ಆಚೀಚೆ ಆಗಿಲ್ಲ. ಧ್ವನಿಮುದ್ರಣಾನೂ ಆಯ್ತು. ಇನ್ನು ಯಾವತ್ತಿಗೂ ಅಳಿಸೋಕಾಗಲ್ಲ. ನಿಮ್ಮ ಕೈಲಿ ಆಗಲಿಲ್ಲ, ನೋಡಿದ್ರಾ?"

"ಹೌದಮ್ಮಾ," ಎಂದರು ಹಾಳೆಯಮ್ಮ. "ನನ್ನ ಕೈಲಿ ಆಗಲಿಲ್ಲ."

7.55ಕ್ಕೆ ಮಹಿಳಾ ಪೇದೆ ಬಂದಳು. ಇನ್ಸ್‌ಪೆಕ್ಟರ್ ಬಂಧನದ ಪತ್ರವನ್ನು ಮೊಣಕಾಲ ಮೇಲೆ ಇಟ್ಟುಕೊಂಡು ತುಂಬಿದರು. ಕೃತ್ಯದ ಕಾರಣ ಎಂಬ ಕಡೆ, 'ಆರೋಪಿಯು ತಿಳಿಸಿರುವುದಿಲ್ಲ' ಎಂದು ಬರೆದು ಹಾಳೆಯಮ್ಮನ ಕೈಗೆ ಕೊಟ್ಟರು. ಆಕೆ ಅದೊಂದು ಸಾಲನ್ನು ಎರಡು ಸಲ ಓದಿ, ಕೆಳಗೆ ಸಹಿ ಹಾಕಿದರು.