ಮುಂಬಾಗಿಲಿನ ಜಾಕೆಟ್

ಗುಂಡು ತಡೆಯಬೇಕಿದ್ದ ಜಾಕೆಟ್‌ನ ಎದೆಯಲ್ಲಿ ಗುಂಡು ಹೊಕ್ಕ ತೂತಿತ್ತು! ಆಸ್ಪತ್ರೆಯವರು ಅದನ್ನು ಚೀಲದಲ್ಲಿ ಕಟ್ಟಿ ಠಾಣೆಗೆ ಕಳಿಸಿದ್ದರು. ಚೀಲ ಬಿಚ್ಚಿದವನು ನಾನೇ. ನಾನು ಇಲ್ಲಿ ರೈಟರ್—ಸಾಹೇಬರು ಹೇಳಿದ್ದನ್ನು ಟೈಪು ಮಾಡುವವನು. ನಿಜವೋ ಸುಳ್ಳೋ ಎಂದು ಕೇಳುವ ಅಭ್ಯಾಸ ನನಗಿರಲಿಲ್ಲ.

ಜಾಕೆಟ್ ನಮ್ಮ ಕಾನ್ಸ್‌ಟೇಬಲ್‌ನದು. ಯಾವ ದಾಳಿಯಲ್ಲೂ ಮೊದಲು ನುಗ್ಗುವವನು ಅವನೇ. ಅದಕ್ಕೇ ಅವನಿಗೆ ‘ಮುಂಬಾಗಿಲು’ ಎಂದು ಹೆಸರಿಟ್ಟಿದ್ದೆವು. ಬುಧವಾರದ ದಾಳಿಯಲ್ಲಿ ಗುಂಡು ತಿಂದವನು ಎರಡು ದಿನವಾದರೂ ಕಣ್ಣು ಬಿಟ್ಟಿರಲಿಲ್ಲ.

ಕಾರಣವನ್ನು ನಮ್ಮ ಸಾಹೇಬರು ಅರ್ಧ ಗಂಟೆಯಲ್ಲೇ ಕಂಡುಹಿಡಿದಿದ್ದರು.

“ಬರ್ಕೊಳ್ಳಯ್ಯ. ಅವನ ಹೆಂಡ್ತಿ ಒಳಗಿನ ಪ್ಯಾನೆಲ್ ಸಮೇತ ಜಾಕೆಟ್ಟನ್ನ ವಾಷಿಂಗ್ ಮೆಷಿನ್‌ಗೆ ಹಾಕಿದಾಳೆ. ನಾರೆಲ್ಲ ಸತ್ತೋಗಿದೆ. ತಪ್ಪು ಅವರದೇ. ಬದುಕಿ ಬಂದ್ರೆ ಅವನನ್ನ ಕೆಲಸದಿಂದ ತೆಗೀಬೇಕು.”

ಬರೆದೆ. ಟೀವಿಯವರ ಮುಂದೆಯೂ ಅವರು ಅದನ್ನೇ ಹೇಳಿದರು, ತಮ್ಮ ಜಾಕೆಟ್ ಬಿಗಿದುಕೊಂಡು! ದಾಳಿಯ ಹೊತ್ತಿನಲ್ಲಿ ಬೀದಿಯ ಆ ತುದಿಯಲ್ಲಿ ಗಾಜು ಏರಿಸಿ ಕಾರಿನೊಳಗೆ ಕೂತಿದ್ದ ಧೀರರು, ಎಲ್ಲ ತಣ್ಣಗಾದ ಮೇಲೆ ಎರಡು ದಿನದಿಂದ ಜಾಕೆಟ್ ಬಿಚ್ಚಲೊಲ್ಲರು. ನಾವು ಬೆನ್ನ ಹಿಂದೆ ಅವರನ್ನು ‘ಫೋಟೋ ಸಾಹೇಬ’ ಎನ್ನುವುದು ಸುಮ್ಮನೆ ಅಲ್ಲ.

ಶುಕ್ರವಾರ ಬೆಳಿಗ್ಗೆ ಕೇಂದ್ರ ಕಚೇರಿಯಿಂದ ತನಿಖಾಧಿಕಾರಿ ಬಂದರು. ಐವತ್ತು ದಾಟಿದ ಹೆಂಗಸು, ಮೂಗಿನ ತುದಿಯಲ್ಲಿ ಚಾಳೀಸು. ಜಾಕೆಟ್‌ನ ಬಟ್ಟೆಯ ಕವರ್ ತೆರೆದು ಎದೆಯ ಪ್ಯಾನೆಲ್ ಹೊರಗೆಳೆದರು. ಎಷ್ಟೋ ಪದರ ನಾರು ಸೇರಿಸಿ ಹೊಲಿದ ಆ ಪ್ಯಾನೆಲ್ಲೇ ಗುಂಡು ತಡೆಯುವುದು. ಕವರ್ ಏನಿದ್ದರೂ ಅದನ್ನು ಹಿಡಿದಿಡುವ ಚೀಲ.

“ಇದರ ನಂಬರು, ತಾರೀಖಿನ ಚೀಟಿ ಎಲ್ಲಿ?”

“ಒಗೆದಾಗ ಕಿತ್ತೋಗಿದೆ ಮೇಡಂ,” ಎಂದ ಜಾಕೆಟ್‌ಗಳ ಲೆಕ್ಕ ಇಡುವ ಸ್ಟೋರಿನವನು.

“ಕತ್ತರಿಸಿದ ಹಾಗಿದೆಯಲ್ಲ?”

ಸ್ಟೋರಿನವನು ನೆಲ ನೋಡಿದ. ಅವನ ಬೆನ್ನುಮೂಳೆಯೂ ನನ್ನದರಷ್ಟೇ ಗಟ್ಟಿ.

ಮೇಡಂ ಹೊಲಿಗೆಯ ಸಂದಿಯಲ್ಲಿ ಉಗುರು ಆಡಿಸಿದರು. ಉಗುರಿಗೆ ಬೂದು ಧೂಳು ಅಂಟಿತು. ಪ್ಯಾನೆಲ್ ಮೇಜಿನ ಮೇಲೆ ಹರಡಿದರು. ಕೆಳ ಅಂಚು ಮೇಲಕ್ಕೆ ಸುರುಳಿಕೊಂಡಿತ್ತು. ಒತ್ತಿದರು. ಮತ್ತೆ ಸುರುಳಿಕೊಂಡಿತು.

“ಈ ಹುಡುಗ ದಿನವಿಡೀ ಏನು ಮಾಡ್ತಿದ್ದ?”

“ಜೀಪಲ್ಲಿ ಗಸ್ತು ಮೇಡಂ,” ಎಂದೆ. “ ಎಂಟು ಗಂಟೆ ಕೂತೇ ಇರೋದು.”

“ಜಾಕೆಟ್ ಹಾಕ್ಕೊಂಡೇ?”

“ಹೌದು. ಡ್ಯೂಟಿ ಮುಗಿದ ಮೇಲೆ ಲಾಕರ್ ಮೇಲೆ ಚಪ್ಪಟೆಯಾಗಿ ಇಡ್ತೀವಿ. ಸಾಹೇಬರದೇ ಆರ್ಡರು, ಗೋಡೆ ಮೇಲಿದೆ ನೋಡಿ—‘ಜಾಕೆಟ್ ನೇತುಹಾಕಬಾರದು’.”

ಮೇಡಂ ಅದನ್ನು ಎರಡು ಸಲ ಓದಿ, ನನ್ನನ್ನೂ ಕರೆದುಕೊಂಡು ಆಸ್ಪತ್ರೆಗೆ ಹೊರಟರು.

ಮುಂಬಾಗಿಲಿನ ಹೆಂಡತಿ ವಾರ್ಡಿನ ಹೊರಗೆ ಬೆಂಚಿನ ಮೇಲಿದ್ದಳು. ಅವಳ ಮುಖ ನೋಡಲು ನನಗೆ ಆಗಲಿಲ್ಲ.

“ಯಾವಾಗ ಒಗೆದೆ ತಾಯಿ?” ಎಂದು ಮೇಡಂ ಕೇಳಿದರು.

“ಭಾನುವಾರ. ಒಗೆಯೋಕೆ ಅಂತ ಮನೆಗೆ ತಂದಿದ್ರು. ಕವರ್ ಮಾತ್ರ ಮೆಷಿನ್‌ಗೆ ಹಾಕಿದ್ದು. ಪ್ಯಾನೆಲ್ಲನ್ನ ಒದ್ದೆ ಬಟ್ಟೇಲಿ ಒರೆಸಿ ಮಂಚದ ಮೇಲಿಟ್ಟೆ. ಹಾಗಂತ ನೆನಪು...” ತಡೆದಳು. “ಎಲ್ರೂ ಒಂದೇ ಮಾತು ಹೇಳ್ತಿದಾರೆ ಮೇಡಂ. ಈಗ ನಂಗೇ ಅನುಮಾನ. ಅವರನ್ನ ನಾನೇ ಕೊಂದ್ನಾ?”

“ಪ್ಯಾನೆಲ್ ಮೇಲೆ ಏನಾದ್ರೂ ಗುರುತಿತ್ತಾ?”

“ಒಳಮಗ್ಗುಲಲ್ಲಿ, ಮೂಲೆಗೆ ಅವರ ಬ್ಲಡ್ ಗ್ರೂಪ್ ಬರೆದಿದ್ದೆ. ಬಿ ನೆಗೆಟಿವ್. ಸಿಗೋದು ಕಷ್ಟ ಅಂತ.”

ನಾವು ನೋಡಿದ ಪ್ಯಾನೆಲ್‌ನಲ್ಲಿ ಒಂದಕ್ಷರವೂ ಇರಲಿಲ್ಲ.

ಠಾಣೆಗೆ ಮರಳಿ ನಾವಿಬ್ಬರೂ ಸಾಹೇಬರ ಕೋಣೆಗೆ ನುಗ್ಗಿದಾಗ ಅವರು ಕನ್ನಡಿಯ ಮುಂದಿದ್ದರು. ಹೊರಗೆ ಕ್ಯಾಮೆರಾದವರು ಕಾಯುತ್ತಿದ್ದರು. ಕುರ್ಚಿಯ ಹಿಂದೆ, ಬಿಸಿಲು ಬೀಳುವ ಕಿಟಕಿಯ ಪಕ್ಕದ ಗೂಟದಲ್ಲಿ ಖಾಲಿ ಹ್ಯಾಂಗರ್ ತೂಗುತ್ತಿತ್ತು.

“ಜಾಕೆಟ್ ಬಿಚ್ತೀರಾ?”

“ಯಾಕ್ರೀ? ನನ್ನ ಮೇಲೇ ಅನುಮಾನಾನಾ?”

“ಅನುಮಾನ ಮುಗಿದಿದೆ,” ಎಂದರು ಮೇಡಂ. “ಮೆಷಿನ್‌ನಲ್ಲಿ ತಿರುಗಿದ ಪ್ಯಾನೆಲ್‌ನ ಹೊಲಿಗೆಯಲ್ಲಿ ವರ್ಷಗಳ ಧೂಳು ಉಳಿಯುತ್ತಾ? ಎಂಟು ಗಂಟೆ ಜೀಪಲ್ಲಿ ಕೂರೋನ ಪ್ಯಾನೆಲ್‌ಗೆ ಬೆಲ್ಟ್ ಒತ್ತಿ ಹೊಟ್ಟೆ ಹತ್ರ ಅಡ್ಡ ಮಡಿಕೆ ಬೀಳಲೇಬೇಕು. ಇದರಲ್ಲಿಲ್ಲ. ಯಾಕೆ? ಇದನ್ನ ಯಾರೂ ತೊಟ್ಟೇ ಇಲ್ಲ! ನೇತುಹಾಕಿದ್ರು. ವರ್ಷಗಟ್ಟಲೆ ತನ್ನ ಭಾರಕ್ಕೆ ಕವರ್‌ನಲ್ಲಿ ಕೆಳಗೆ ಜಾರಿ, ಅಂಚು ಸುರುಳಿಕೊಂಡಿದೆ. ಬಿಸಿಲಿಗೆ ನಾರು ಸತ್ತಿದೆ. ಈ ಠಾಣೆಯಲ್ಲಿ ಎಲ್ಲರೂ ಜಾಕೆಟ್ಟನ್ನ ಚಪ್ಪಟೆ ಇಡ್ತಾರೆ. ನೇತುಹಾಕೋರು ಒಬ್ಬರೇ, ನೇತುಹಾಕಬಾರದು ಅಂತ ಸಹಿ ಹಾಕಿದವರು!”

ಸಾಹೇಬರು ನನ್ನತ್ತ ನೋಡಿದರು. “ಏನಯ್ಯಾ ನಿಂತ್ಕೊಂಡು ನೋಡ್ತೀಯ? ಇವರನ್ನ ಹೊರಗೆ ಕಳಿಸು!”

ನಾನು ಹೋಗಿ ಅವರ ಜಾಕೆಟ್‌ನ ಪಟ್ಟಿ ಎಳೆದೆ. ಜಾಕೆಟ್ ಬಿಚ್ಚಿ ಕವರ್ ತೆರೆದೆ. ಪ್ಯಾನೆಲ್ ಹೊರಬಂತು. ಇದರ ಚೀಟಿಯನ್ನೂ ಕತ್ತರಿಸಲಾಗಿತ್ತು. ಹೊಟ್ಟೆಯ ಬಳಿ ಮಡಿಕೆ ಬಿದ್ದಿತ್ತು. ಒಳಮಗ್ಗುಲಿನ ಮೂಲೆಯಲ್ಲಿ ಬಾಲ್‌ಪೆನ್ನಿನ ಪುಟ್ಟ ಅಕ್ಷರಗಳು: ‘ಬಿ ನೆಗೆಟಿವ್.’ ಅದರ ಕೆಳಗೆ, ಅವಳು ನಮಗೆ ಹೇಳದಿದ್ದ ಇನ್ನೊಂದು ಸಾಲು: ‘ಹುಷಾರಾಗಿ ಮನೆಗೆ ಬನ್ನಿ.’

ಕೆಳಗಿನವರು ಬರೆದದ್ದನ್ನು ಸಾಹೇಬರು ಎಂದೂ ಓದಿದವರಲ್ಲ.

“ನನ್ನದರ ಅವಧಿ ಮುಗಿದಿತ್ತು,” ಎಂದರು, ದನಿ ಉಡುಗಿತ್ತು. “ಅವನದು ಹೊಸದು. ಬುಧವಾರ ಬೆಳಿಗ್ಗೆ ಒಳಗಿನ ಪ್ಯಾನೆಲ್ ಬದಲಾಯಿಸಿದೆ. ಒಂದು ದಿನದ ಮಟ್ಟಿಗೆ ಅಷ್ಟೇ...”

“ಕಾರಿನ ಗಾಜಿನ ಹಿಂದೆ ಕೂರೋಕೆ ಹೊಸದು ಬೇಕಿತ್ತಾ?” ಮೇಡಂ ಚಾಳೀಸು ತೆಗೆದರು. “ಗುಂಡು ಹಾರಿಸಿದವನಾದ್ರೂ ಎದುರಿಗೆ ನಿಂತು ಹಾರಿಸಿದ. ಗುಂಡು ತಿಂದವನ ಹೆಂಡ್ತೀನ ಟೀವಿಯಲ್ಲಿ ಕೊಲೆಗಾತಿ ಮಾಡೋವಾಗ ನಿಮ್ಮ ಎದೆ ಮೇಲಿದ್ದದ್ದು ಅವಳದೇ ಬರಹ. ನಡೀರಿ.”

ಕ್ಯಾಮೆರಾಗಳು ಹೊರಗೇ ಇದ್ದವು. ಫೋಟೋ ಸಾಹೇಬರು ಅಂದು ಮೊದಲ ಸಲ ಮುಖ ಮುಚ್ಚಿಕೊಂಡರು.

ನಾನು ಹಳೆಯ ವರದಿಯನ್ನು ಹರಿದು ಹೊಸದನ್ನು ಟೈಪು ಮಾಡಿ ಆಸ್ಪತ್ರೆಗೆ ಓಡಿದೆ. ಅವಳಿನ್ನೂ ಅದೇ ಬೆಂಚಿನ ಮೇಲಿದ್ದಳು.

“ನೀನಲ್ಲಮ್ಮ,” ಎಂದೆ. “ಸುಳ್ಳು ಟೈಪು ಮಾಡಿದವನು ನಾನು.”

ಅವಳು ವರದಿ ತೆಗೆದುಕೊಂಡು ಕೊನೆತನಕ ಓದಿದಳು. ಬೈಯಲಿ ಎಂದು ಕಾದೆ. ಬೈಯಲಿಲ್ಲ.

“ಅವರು ಕಣ್ಣು ಬಿಟ್ರೆ ಇದನ್ನ ನೀವೇ ಓದಿ ಹೇಳಿ ಅಣ್ಣಾ,” ಎಂದು ವರದಿಯನ್ನು ನನ್ನ ಕೈಗೇ ವಾಪಸು ಕೊಟ್ಟಳು.

ಬೆಂಚಿನ ಇನ್ನೊಂದು ತುದಿಯಲ್ಲಿ ಕಾಯುತ್ತ ಕೂತೆ.