ತಪ್ಪು ಬ್ಯಾಟರಿಯದು

ಚೆನ್ನಾಗಿ ಓಡುತ್ತಿದ್ದ ಡೀಸೆಲ್ ಗಾಡಿ ಮಾರಿ ಕರೆಂಟಿನ ಕಾರು ತಂದವನು ತಾನೇ, ಯಾರೂ ಕೈ ಹಿಡಿದು ಎಳೆದಿರಲಿಲ್ಲ ಎಂಬುದೇ ಲಕ್ಷ್ಮೀಪತಿಯ ಹೊಟ್ಟೆ ಉರಿಸುತ್ತಿತ್ತು. ತುಮಕೂರಿನ ಷೋರೂಮಿನಲ್ಲಿ ಟೈ ಕಟ್ಟಿದ್ದ ಹುಡುಗ, ಒಂದು ಸಲ ಚಾರ್ಜ್ ಮಾಡಿದರೆ ಮಧುಗಿರಿಯಿಂದ ಪಾವಗಡಕ್ಕೆ ಎರಡು ಸಲ ಹೋಗಿಬರಬಹುದು ಎಂದಿದ್ದ. ಆ ಬಡ್ಡಿಮಗ ಪಾವಗಡದ ಬಿಸಿಲು ಕಂಡವನಲ್ಲ. ಪಾವಗಡದ ಶಾಲೆಗಳಿಗೆ ಹೋಗುವ ಮೇಷ್ಟ್ರುಗಳನ್ನು ತುಂಬಿಕೊಂಡು ಎ.ಸಿ. ಹಾಕಿದರೆ, ಎರಡನೇ ಸಲ ಮಿಡಿಗೇಶಿ ದಾಟುವ ಹೊತ್ತಿಗೇ ಪರದೆಯ ಮೇಲೆ ಕೆಂಪು ದೀಪ. ಎ.ಸಿ. ಆರಿಸಿದರೆ ಮೇಡಮ್ಮುಗಳ ಗೊಣಗಾಟ. ಬೇಸಿಗೆ ರಜೆ ಬರುವುದರೊಳಗೆ ಅವರೆಲ್ಲ ಇನ್ನೊಬ್ಬನ ಡೀಸೆಲ್ ಗಾಡಿ ಹತ್ತಿದರು.

ಮಾರಿ ಕೈತೊಳೆದುಕೊಳ್ಳೋಣವೆಂದು ಶಿರಾಕ್ಕೆ ಹೋದರೆ, ಹಳೇ ಕಾರಿನ ವ್ಯಾಪಾರಿ ಬಾನೆಟ್ಟನ್ನೂ ಎತ್ತಿಸಲಿಲ್ಲ. ನಾಳೆ ಬ್ಯಾಟರಿ ಕೈಕೊಟ್ಟರೆ ಅದಕ್ಕೇ ಅರ್ಧ ಕಾರಿನ ದುಡ್ಡು ಸುರಿಯಬೇಕು ಭಾಯ್ ಎಂದು, ಕೊಂಡ ಬೆಲೆಯ ಅರ್ಧಕ್ಕಿಂತ ಕೆಳಗೇ ನಿಂತ. ಕಾರಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಇನ್ಶೂರೆನ್ಸಿನವರ ಲೆಕ್ಕದಲ್ಲಿ ಮಾತ್ರ ಅದು ಹೆಚ್ಚುಕಡಿಮೆ ಹೊಸದೇ. ವಾಪಸು ಬರುವಾಗ ದಾರಿಯುದ್ದಕ್ಕೂ ಅವನಿಗೆ ಅದೊಂದೇ ಯೋಚನೆ. ಓಡುವ ಕಾರಿಗಿಂತ ಸುಟ್ಟ ಕಾರಿಗೇ ಬೆಲೆ ಜಾಸ್ತಿ.

ಮತ್ತೆ, ಅದು ಸುಡುತ್ತದೆ ಎಂದು ನಂಬಲು ಊರೆಲ್ಲ ತುದಿಗಾಲಲ್ಲಿ ನಿಂತಿತ್ತು. ಮಧುಗಿರಿ ಬಸ್‌ಸ್ಟ್ಯಾಂಡಿನ ಪಕ್ಕ ಟೀ ಅಂಗಡಿ ಇಟ್ಟಿದ್ದ ದೊಡ್ಡರಂಗಪ್ಪನಿಗೆ ಲಕ್ಷ್ಮೀಪತಿಯ ಕಾರೆಂದರೆ ದಿನದ ತಮಾಷೆ.

"ಲೇ ಲಕ್ಷ್ಮೀಪತಿ, ಇದು ಕಾರಾ, ಮೊಬೈಲಾ? ಯಾವಾಗ್ ನೋಡಿದ್ರೂ ಗೋಡೆಗೆ ಚುಚ್ಕಂಡೇ ಇರ್ತದಲ್ಲ ಕಣ್ಲಾ."

ಅಂಗಡಿಯಲ್ಲಿ ಕೂತವರು ಎಲ್ಲೋ ಧಗಧಗ ಉರಿಯುವ ಸ್ಕೂಟರಿನ ವಿಡಿಯೋ ತೋರಿಸುವರು. ಇಷ್ಟು ದಿನ ಲಕ್ಷ್ಮೀಪತಿ ಜಗಳಕ್ಕೇ ಬೀಳುತ್ತಿದ್ದ: ಪೆಟ್ರೋಲ್ ಗಾಡಿ ಸುಡಲ್ಲವಾ, ಅದರ ವಿಡಿಯೋ ಯಾಕೆ ಯಾರೂ ಕಳಿಸಲ್ಲ? ಈಗ ಬೇಕೆಂದೇ ಸೋಲತೊಡಗಿದ. ಅದನ್ನೂ ಆತುರಪಡದೆ ಮಾಡಿದ. ನಿನ್ನೆ ಹೊಗಳಿದವನು ಇವತ್ತು ತೆಗಳಿದರೆ ಗೋಡೆ ಮೇಲಿನ ಹಲ್ಲಿಗೂ ಅನುಮಾನ ಬರುತ್ತದೆ. ಮೊದಲು ಸುಮ್ಮನಾದ. ಆಮೇಲೆ ಒಂದು ದಿನ ಟೀ ಲೋಟ ತಿರುಗಿಸುತ್ತಾ ಮೆಲ್ಲಗೆ ಅಂದ: "ನಂಗೂ ಈಚೀಚೆಗೆ ಒಂಥರಾ ಸುಟ್ಟ ವಾಸ್ನೆ ಬತ್ತದೆ ಕಣಣ್ಣ."

ದೊಡ್ಡರಂಗಪ್ಪನ ಮುಖ ಅರಳಿತು. ವಾದ ಗೆದ್ದವನು ಅದನ್ನು ನಾಲ್ಕು ಜನಕ್ಕೆ ಹೇಳದೆ ಇರುತ್ತಾನಾ? ಮುಂದಿನ ವಾರ ಕೊರಟಗೆರೆಯಲ್ಲಿ ಚಾರ್ಜಿಗೆ ನಿಲ್ಲಿಸಿದಾಗ ಯಾರೋ ಗುರುತಿಲ್ಲದವನು, ವಾಸನೆ ಬರುವ ಕಾರು ಇದೇನಾ ಎಂದು ಕೇಳಿದ. ಲಕ್ಷ್ಮೀಪತಿ ಒಳಗೊಳಗೇ ನಕ್ಕ. ಸರ್ವಿಸ್ ಸೆಂಟರಿಗೂ ಹೋಗಿ ದೂರು ಕೊಟ್ಟು ಬಂದ. ಅವರು ಕಂಪ್ಯೂಟರ್ ಜೋಡಿಸಿ ನೋಡಿ, ಎಲ್ಲ ಸರಿಯಿದೆ ಎಂದರು. ಅದನ್ನೇ ಅವನು ಬಯಸಿದ್ದು. ನಾಳೆ ಕಾರು ಉರಿದರೆ, ಸರಿಯಿದೆ ಎಂದವರೇ ತಲೆ ತಗ್ಗಿಸಬೇಕು.

ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವನು ದಡ್ಡ ಎಂದುಕೊಂಡವರಿಗೆ ಇದು ಹೊಳೆಯಲು ಸಾಧ್ಯವೇ? ಪೊಲೀಸರು ಏನೇನು ಕೇಳಬಹುದು ಎಂದು ತನ್ನ ಮೇಲೆ ತಾನೇ ಅನುಮಾನಪಟ್ಟು ನೋಡಿದ. ಹಿಂದೆ ಒಬ್ಬ ಲಾರಿ ಓನರ್ ಗಾಡಿ ಸುಡುವ ಮೊದಲು ಟೇಪ್ ರೆಕಾರ್ಡರ್, ಸ್ಟೆಪ್ನಿ ಎಲ್ಲ ಬಿಚ್ಚಿಟ್ಟುಕೊಂಡು ಸಿಕ್ಕಿಬಿದ್ದ ಸುದ್ದಿ ಡ್ರೈವರುಗಳ ಬಾಯಲ್ಲಿ ಇನ್ನೂ ಓಡಾಡುತ್ತಿತ್ತು. ದುರಾಸೆ ಅಂದರೆ ಅದು. ತಾನು ಏನನ್ನೂ ಉಳಿಸಿಕೊಳ್ಳಬಾರದು. ಫೋನು, ಲೈಸೆನ್ಸು, ಅಕ್ಕನ ಮದುವೆಯಲ್ಲಿ ಭಾವ ಕೊಟ್ಟ ವಾಚು, ಎಲ್ಲ ಒಳಗೇ ಇರಲಿ. ವಾಚಿನ ಬಗ್ಗೆ ಮಾತ್ರ ಸ್ವಲ್ಪ ಸಂಕಟವಾಯಿತು. ಆದರೂ ಬಿಟ್ಟ.

ಭಾನುವಾರದ ನಡುಮಧ್ಯಾಹ್ನವನ್ನೇ ಆರಿಸಿಕೊಂಡ. ಕತ್ತಲಲ್ಲಿ ಉರಿದರೆ ಜನ ಕಾರಣ ಹುಡುಕುತ್ತಾರೆ, ಆ ಬಿಸಿಲಲ್ಲಿ ಉರಿದರೆ ಕಾರಣ ತಲೆಯ ಮೇಲೇ ಇರುತ್ತದೆ. ಪಾವಗಡದಿಂದ ಬರುವಾಗ, ಮಿಡಿಗೇಶಿ ಇನ್ನೂ ದೂರವಿರುವಾಗಲೇ, ಬಂಡೆಗುಡ್ಡದ ಪಕ್ಕ ನಿಲ್ಲಿಸಿ ಹಿಂದಿನ ಸೀಟಿನ ಕೆಳಗೆ ಕಡ್ಡಿ ಗೀರಿದ. ಮುಂಗೈ ಕೂದಲು ಚುರುಗುಟ್ಟುವ ತನಕ ಅಲ್ಲೇ ನಿಂತಿದ್ದು, ಆಮೇಲೆ ರಸ್ತೆಗೆ ಓಡಿ ಎದುರು ಬಂದ ಬಸ್ಸಿಗೆ ಎರಡೂ ಕೈ ಬೀಸಿದ. ಬಸ್ಸಿನವರೆಲ್ಲ ಇಳಿದರು, ಒಬ್ಬನೂ ಹತ್ತಿರ ಬರಲಿಲ್ಲ. ಬ್ಯಾಟರಿ ಸಿಡಿಯುತ್ತದೆ ಎಂದು ಒಬ್ಬರನ್ನೊಬ್ಬರು ಹಿಂದಕ್ಕೆಳೆಯುತ್ತಾ ದೂರದಿಂದಲೇ ವಿಡಿಯೋ ಮಾಡಿಕೊಂಡರು. ಫೈರ್ ಇಂಜಿನ್ ಬರುವ ಹೊತ್ತಿಗೆ ಬರೀ ಅಸ್ಥಿಪಂಜರ. ಸಂಜೆಯೊಳಗೆ ಆ ಬೆಂಕಿ ಶಿರಾ, ಕೊರಟಗೆರೆಯ ಫೋನುಗಳಲ್ಲೆಲ್ಲ ಉರಿಯಿತು. ನಾನು ಬಡ್ಕೊಂಡೆ ಕಣ್ರಪ್ಪ ಎಂದು ದೊಡ್ಡರಂಗಪ್ಪ ಬಂದವರಿಗೆಲ್ಲ ಹೇಳಿದ. ಸ್ಟೇಷನ್ನಿನಲ್ಲೂ ಲಕ್ಷ್ಮೀಪತಿ ಬಾಯಿ ಬಿಡುವ ಮೊದಲೇ "ಬ್ಯಾಟ್ರೀನಾ?" ಎಂದು ಕೇಳಿದರು. ಅವನು ಕಣ್ಣೊರೆಸಿಕೊಂಡು ತಲೆಯಾಡಿಸಿದ, ಅಷ್ಟೇ.

ಇನ್ಶೂರೆನ್ಸ್ ಕಂಪನಿಯಿಂದ ಬಂದವನು ಅಂಜನ್ ಕುಮಾರ್ ಎಂಬ ಮೆದುಮಾತಿನ ಮನುಷ್ಯ. ಮನೆಯ ಜಗಲಿಯ ಮೇಲೆ ಕೂತು ಕೇಳಿದ್ದನ್ನೇ ತಿರುಗಿಸಿ ಮುರುಗಿಸಿ ಕೇಳಿದ. ಲಕ್ಷ್ಮೀಪತಿಗೆ ಅವನ ಮೆದುಮಾತಿನ ಮೇಲೇ ಗುಮಾನಿ, ಆದರೆ ಒಂದು ಉತ್ತರವೂ ಅತ್ತಿತ್ತ ಆಗಲಿಲ್ಲ. ಕಾರಿನಿಂದ ಏನಾದರೂ ಉಳಿಸಿಕೊಂಡಿರಾ ಎಂದ ಅಂಜನ್ ಕುಮಾರ್.

"ಏನೂ ಇಲ್ಲ ಸಾರ್. ಹೊಗೆ ಕಂಡೇಟ್ಗೆ ಬಾಗ್ಲು ತಗ್ದು ಹಾರಿದ್ದೇ. ಕಾರೊಳ್ಗಿದ್ದಿದ್ ಎಲ್ಲಾ ಕಾರೊಳ್ಗೇ ಹೋಯ್ತು."

ಅಂಜನ್ ಕುಮಾರ್ ಬರೆದುಕೊಂಡು ಫೈಲು ಮುಚ್ಚಿದ. ಇಂಥ ಕಾರುಗಳದ್ದೆಲ್ಲ ಇದೇ ಗೋಳು, ಕಾರಿನ ಕಂಪನಿ ಮೇಲೂ ಕೇಸು ಹಾಕಿ ಎಂದ. ಲಕ್ಷ್ಮೀಪತಿಯ ಕಿವಿಯಲ್ಲಿ ಆಗಲೇ ಡೀಸೆಲ್ ಗಾಡಿಯೊಂದು ಗುರುಗುಟ್ಟುತ್ತಿತ್ತು.

ಬಾಗಿಲ ಮರೆಯಲ್ಲಿ ಎಲ್ಲ ಕೇಳಿಸಿಕೊಂಡಿದ್ದ ಅವನ ತಾಯಿ ಅಶ್ವತ್ಥಮ್ಮ ಕಾಫಿ ಹಿಡಿದು ಹೊರಗೆ ಬಂದಳು. ಊರೆಲ್ಲ ಬ್ಯಾಟರಿಯನ್ನು ಬೈಯುವುದು ಆಕೆಗೆ ಒಪ್ಪಿಗೆಯಾಗಿರಲಿಲ್ಲ. "ಬ್ಯಾಟ್ರಿ ಏನ್ ಮಾಡೀತು ಬುಡಪ್ಪ," ಎಂದಳು. "ದಂಡಿನ ಮಾರಮ್ಮನ ಪಟ ಕಾರೊಳ್ಗಿರೋಗಂಟ ಒಂದ್ ಕಿಡೀನೂ ಬೀಳ್ಲಿಲ್ಲ. ಶನಿವಾರ ಅದನ್ನ ಕಿತ್ಕಂಬಂದು ಮನೇಲಿಟ್ಬುಟ್ಟ ಇವ್ನು. ಯಾಕ್ಲಾ ಅಂದ್ರೆ ಮಾತಿಲ್ಲ. ಮಾರ್ನೇ ದಿನಾನೇ ಸುಟ್ಟೋಯ್ತು. ಅಮ್ಮ ಇಲ್ದಿರೋ ಗಾಡಿ ಉಳೀತದಾ, ನೀನೇ ಹೇಳು." ಫೋನು, ಲೈಸೆನ್ಸು, ಭಾವನ ವಾಚು, ಎಲ್ಲವನ್ನೂ ಬೆಂಕಿಗೆ ಬಿಟ್ಟವನಿಗೆ ಮಾರಮ್ಮನನ್ನು ಬಿಡಲು ಧೈರ್ಯ ಬಂದಿರಲಿಲ್ಲ. ಅದನ್ನು ಅವನು ಸಾಮಾನು ಎಂದು ಎಣಿಸಿಯೇ ಇರಲಿಲ್ಲ. ಅಂಜನ್ ಕುಮಾರ್ ಕಾಫಿ ಲೋಟವನ್ನು ಕೆಳಗಿಟ್ಟು ಎದ್ದ. ಚಪ್ಪಲಿ ಬಿಟ್ಟು ಒಳಗೆ ಹೋಗಿ, ದೇವರ ಮೂಲೆಯಲ್ಲಿದ್ದ ಪುಟ್ಟ ಪಟಕ್ಕೆ ಕೈಮುಗಿದು, ಮೆಲ್ಲಗೆ ತಿರುಗಿಸಿ ನೋಡಿದ. ಬೆನ್ನಿಗೆ ಡ್ಯಾಷ್‌ಬೋರ್ಡಿನ ಅಂಟು ಇನ್ನೂ ಹಾಗೇ ಇತ್ತು.