ಅಳಿಸಿಹೋದ ಪ್ರಶ್ನೆಚಿಹ್ನೆಗಳು

"ನಲವತ್ತೂ ಪುಸ್ತಕ! ಒಂದೂ ಬಿಡದ ಹಾಗೆ ಉಜ್ಜಿ ಉಜ್ಜಿ ಅಳಿಸಿದಾರೆ!" ಮುಖ್ಯೋಪಾಧ್ಯಾಯಿನಿ ಲೈಬ್ರರಿಯ ಬಾಗಿಲು ದೂಡಿಕೊಂಡು ಬಂದವರೇ ಕುರ್ಚಿಯಲ್ಲಿ ಕುಸಿದರು. "ನಂಗೆ ಸಾಕಾಗಿಹೋಗಿದೆ ಮೇಡಂ."

ನಮ್ಮ ಶಾಲೆಯಲ್ಲಿ ಏನು ಕಳೆದರೂ ಏನು ಕೆಟ್ಟರೂ ಎಲ್ಲರೂ ಓಡಿಬರುತ್ತಿದ್ದುದು ಲೈಬ್ರರಿ ಮೇಡಂ ಹತ್ತಿರ. ಡ್ರಾಯಿಂಗ್ ಮೇಷ್ಟ್ರಾದ ನಾನು ಬಿಡುವಾದಾಗಲೆಲ್ಲ ಅವರ ಹಿಂದೆಯೇ ಇರುತ್ತಿದ್ದುದರಿಂದ ಸ್ಟಾಫ್ ರೂಮಿನಲ್ಲಿ ನನಗೆ 'ಬಾಲ' ಎಂಬ ಹೆಸರು ಬಿದ್ದಿತ್ತು.

ಆ ವರ್ಷ ಹೊಸ ಪ್ರಯೋಗವೊಂದು ನಡೆದಿತ್ತು. ಅರ್ಥಮಾಡಿಕೊಂಡು ಓದುವುದನ್ನು ಭಾಷೆಯ ತರಗತಿಯಲ್ಲಷ್ಟೇ ಅಲ್ಲ, ಎಲ್ಲ ವಿಷಯಗಳಲ್ಲೂ ಕಲಿಸಬೇಕು. ತಿಳಿಯದ ವಾಕ್ಯದ ಪಕ್ಕ ಮಕ್ಕಳು ಪ್ರಶ್ನೆಚಿಹ್ನೆ ಹಾಕಬೇಕು. ಮೇಷ್ಟ್ರು ಅದನ್ನು ಅವರ ಜೊತೆ ಕೂತು ಬಿಡಿಸಬೇಕು. ಪ್ರಯೋಗ ಮುಂದುವರಿಯಬೇಕೋ ಬೇಡವೋ ಎಂದು ಆ ಸಂಜೆಯ ಸಭೆ ತೀರ್ಮಾನಿಸಬೇಕಿತ್ತು. ಸಾಕ್ಷಿಗಿದ್ದದ್ದು ವಿಜ್ಞಾನ, ಇತಿಹಾಸಗಳ ಆ ನಲವತ್ತು ಪುಸ್ತಕಗಳು.

"ಪುಸ್ತಕ ಇಟ್ಟಿದ್ದ ಬೀರು ಕೀ ಆಯಮ್ಮನ ಜವಾಬ್ದಾರಿ," ಎಂದರು ಮುಖ್ಯೋಪಾಧ್ಯಾಯಿನಿ. "ಅವಳನ್ನ ಕೆಲಸದಿಂದ ತೆಗೀರಿ ಅಂತ ಎಲ್ಲರೂ ನನ್ನ ತಲೆ ತಿಂತಿದಾರೆ."

ಬಾಗಿಲಲ್ಲಿ ನಿಂತಿದ್ದ ಆಯಮ್ಮ ಕಣ್ಣೊರೆಸಿಕೊಂಡಳು. "ನಿನ್ನೆ ಮಧ್ಯಾಹ್ನ ಪೂರ್ತಿ ಕೀ ಸ್ಟಾಫ್ ರೂಮಿನ ಮೊಳೇಲೇ ಇತ್ತಮ್ಮಾ. ಯಾರು ತಗೊಂಡ್ರೋ ನಂಗೇನು ಗೊತ್ತು?"

ಲೈಬ್ರರಿ ಮೇಡಂ ಬೀರು ತೆರೆದರು. ಪುಸ್ತಕಗಳನ್ನು ಹಾಜರಿ ಸಂಖ್ಯೆಯ ಪ್ರಕಾರ ಜೋಡಿಸಿಡಲಾಗಿತ್ತು. ಮಡಿಚಿದ್ದ ಪುಟದ ಮೂಲೆಗಳನ್ನೂ ಯಾರೋ ನೆಟ್ಟಗೆ ಮಾಡಿದ್ದರು. ಕೆಲವು ಮಕ್ಕಳು ಪೆನ್ನಿನಲ್ಲಿ ಹಾಕಿದ್ದ ಚಿಹ್ನೆಗಳು ಮಾತ್ರ ಹಾಗೇ ಉಳಿದಿದ್ದವು.

"ಪೆನ್ನಿಂದು ಅಳಿಸೋಕಾಗಲ್ವಲ್ಲ ಮೇಡಂ," ಎಂದೆ.

"ಗೀಚಿ ಹಾಕಬಹುದಿತ್ತಲ್ಲ ಮಾರಾಯರೇ! ಹಾಳು ಮಾಡೋಕೆ ಬಂದವನು ಮೂಲೆ ನೆಟ್ಟಗೆ ಮಾಡ್ತಾ ಕೂರ್ತಾನಾ?" ಅವರಿಗೆ ನನ್ನ ಮೇಲೆ ರೇಗಿತ್ತು. "ಆದೇಶದ ಪುಸ್ತಕ ತನ್ನಿ."

ತಂದುಕೊಟ್ಟೆ. ಕೊನೆಯ ಆದೇಶದ ಹಾಳೆಯನ್ನು ಅವರು ಹಿಂದೆ ಮುಂದೆ ತಿರುಗಿಸಿ ನೋಡಿ, ಓದಿದ್ದಕ್ಕೆ ಗುರುತಾಗಿ ಮೇಷ್ಟ್ರುಗಳು ಹಾಕಿದ್ದ ಸಹಿ ಎಣಿಸಲು ಹೇಳಿದರು. ಹಾಳೆಯ ಮುಂಭಾಗದಲ್ಲಿ ಒಂದು, ಹಿಂಭಾಗದಲ್ಲಿ ಆರು. ನನಗೆ ತಲೆಬುಡ ತಿಳಿಯಲಿಲ್ಲ.

ಸಂಜೆ ನಾಲ್ಕಕ್ಕೆ ಎಲ್ಲರೂ ಸೇರಿದರು. ಮೂರು ದಿನಕ್ಕೊಮ್ಮೆ "ಓದೋದು ಹೇಳ್ಕೊಡೋಕೆ ನಾವೇನು ಒಂದನೇ ಕ್ಲಾಸ್ ಮೇಷ್ಟ್ರಾ?" ಎಂದು ಗೊಣಗುತ್ತಿದ್ದ ಇತಿಹಾಸದ ಮೇಷ್ಟ್ರು, ದಿನವಿಡೀ ತರಗತಿಗಳಲ್ಲೇ ಇದ್ದುದರಿಂದ ಈ ಗಲಾಟೆಯೇನೂ ತಿಳಿಯದೆ, ಕೊನೆಗೆ ಬಂದು ಕೂತರು.

"ಇದು ಹೊಟ್ಟೆಕಿಚ್ಚಿನ ಕೆಲಸ ಅಲ್ಲ, ಕರ್ತವ್ಯದ ಕೆಲಸ," ಎಂದು ಲೈಬ್ರರಿ ಮೇಡಂ ಶುರುಮಾಡಿದರು. "ಅದಕ್ಕೇ ಅಷ್ಟು ಅಚ್ಚುಕಟ್ಟು. ಪೆನ್ಸಿಲ್ ಗುರುತು ಅಳಿಸಿ ಅಂತ ಯಾರಾದ್ರೂ ಹೇಳಿರಬೇಕು. ಹೇಳಿದ್ದು ಯಾರು? ಕೇಳಿ." ಅವರು ಆದೇಶದ ಮುಂಭಾಗವನ್ನು ಓದಿದರು: "'ಪಠ್ಯಪುಸ್ತಕಗಳಲ್ಲಿ ಪೆನ್ಸಿಲ್ ಗುರುತುಗಳಿದ್ದರೆ ಕೂಡಲೇ ಅಳಿಸತಕ್ಕದ್ದು'..."

"ಹೌದು ಮತ್ತೆ!" ಇತಿಹಾಸದ ಮೇಷ್ಟ್ರು ಎದೆಯುಬ್ಬಿಸಿದರು. "ಬೇರೆ ಯಾರೂ ಕೈಹಾಕಲಿಲ್ಲ. ಕೂತು ಅಳಿಸಿದ್ದು ನಾನೊಬ್ಬನೇ!"

ಮೇಡಂ ಹಾಳೆ ತಿರುಗಿಸಿದರು. "'...ಎಂದು ಕಳೆದ ವರ್ಷ ಹೊರಡಿಸಿದ್ದ ಆದೇಶವನ್ನು ಈ ಮೂಲಕ ರದ್ದುಪಡಿಸಲಾಗಿದೆ.' ಆರು ಜನ ಆದೇಶ ಮುಗಿದ ಕಡೆ ಸಹಿ ಹಾಕಿದಾರೆ. ನೀವು ಅರ್ಧದಲ್ಲೇ ಹಾಕಿಬಿಟ್ರಿ ಸಾರ್."

ಮುಖ್ಯೋಪಾಧ್ಯಾಯಿನಿ ಎರಡೂ ಕೈಯಿಂದ ತಲೆ ಹಿಡಿದುಕೊಂಡರು. "ಇದಕ್ಕೆ ಆಯಮ್ಮನ್ನ ಕೆಲಸದಿಂದ ತೆಗೀತಿದ್ವಲ್ಲ!" ಇತಿಹಾಸದ ಮೇಷ್ಟ್ರ ಮುಖ ಇಳಿಯಿತು. ಅವರು ಎದ್ದು ಆಯಮ್ಮನ ಮುಂದೆ ಹೋಗಿ ನಿಂತರು. "ನನ್ನಿಂದ ನಿನ್ನ ಕೆಲಸ ಹೋಗ್ತಿತ್ತು. ತಪ್ಪಾಯ್ತು ತಾಯಿ."

"ಆಗಲಿ ಬಿಡಿ ಸಾರ್," ಎಂದಳು ಆಯಮ್ಮ, ಆದರೆ ನಗಲಿಲ್ಲ.

"ಪುಸ್ತಕ ಓರೆಯಾಗಿ ಬೆಳಕಿಗೆ ಹಿಡೀರಿ," ಎಂದು ಲೈಬ್ರರಿ ಮೇಡಂ ಮೇಷ್ಟ್ರ ಕೈಗೆ ಪೆನ್ಸಿಲ್ ಕೊಟ್ಟರು. "ಒತ್ತಿ ಬರೆದ ಗುರುತು ಕಾಣುತ್ತೆ. ಅಳಿಸಿದವರೇ ತಿದ್ದಿ."

ಮೇಷ್ಟ್ರು ಕಿಟಕಿಯ ಬಳಿ ಕೂತು ತಿದ್ದತೊಡಗಿದರು. ಹತ್ತು ಪುಸ್ತಕ ಮುಗಿಯುವಷ್ಟರಲ್ಲಿ ಅವರ ಕೈ ನಿಂತಿತು. ಅಲ್ಲಿಯವರೆಗೆ ತಿದ್ದಿದ ಇತಿಹಾಸದ ಪ್ರತಿಯೊಂದು ಪುಸ್ತಕದಲ್ಲೂ ಒಂದೇ ವಾಕ್ಯದ ಪಕ್ಕ ಚಿಹ್ನೆಯಿತ್ತು. ಅದನ್ನು ಮನಸ್ಸಿನಲ್ಲೇ ಓದಿಕೊಂಡರು. ಮತ್ತೊಮ್ಮೆ ತುಟಿಯಾಡಿಸುತ್ತ ಓದಿದರು.

"ಇಪ್ಪತ್ತು ವರ್ಷದಿಂದ ಈ ಪಾಠ ಮಾಡ್ತಿದೀನಿ," ಎಂದು ತಲೆಯೆತ್ತಿದರು. "ಥೂ! ಇದು ನಂಗೂ ಅರ್ಥ ಆಗ್ತಿಲ್ಲ."

ಲೈಬ್ರರಿ ಮೇಡಂ ಕುರ್ಚಿ ಎಳೆದುಕೊಂಡು ಅವರ ಪಕ್ಕ ಕೂತರು.